ಟರ್ಬೊ ಲಾರಿಗೆ ಊರಿನಲ್ಲಿಯೇ ಗಾಳಿಕೊಳವೆ

ಫಸಲನ್ನು ಮಾರುಕಟ್ಟೆಗೆ ಸಾಗಿಸಲು ಸ್ವಂತ ಲಾರಿಯನ್ನಿಟ್ಟುಕೊಂಡಿರುವ ಜಮೀನುದಾರರು ಈಗ ಅನೇಕರಿದ್ದಾರೆ. ಕಬ್ಬು ಸಾಗಿಸುವ ಕಾಲದಲ್ಲಿ ಎಂಜಿನ್ನಿಗೆ ಗಾಳಿಯನ್ನೊಯ್ಯುವ ಕೊಳವೆಯು ಬಿರಿದರೆ, ಹೊಸದು ಪೇಟೆಯಿಂದ ಬರುವವರೆಗೆ ಲಾರಿಯು ನಿಲ್ಲುವುದು. ಇಲ್ಲವೆ ಹಳೆಯ ಬಟ್ಟೆಯನ್ನು ಸುತ್ತಿ ಹಾಗೆಯೇ ಓಡಿಸುವರು. ಮೊದಲನೆಯದರಿಂದ ಕೆಲವು ದಿನಗಳ ಬಾಡಿಗೆ ನಷ್ಟ; ಎರಡನೆಯದರಿಂದ ಎಂಜಿನ್ನೇ ನಷ್ಟ. ಈ ಕೊಳವೆಯನ್ನು ಹತ್ತಿರದ ಬೆಸುಗೆ ಅಂಗಡಿಯಲ್ಲಿ ಮಾಡಿಸಿಕೊಳ್ಳಬಹುದು. ಆದರೆ ಅದು ಒಳಗೆ ಶುದ್ಧವಾಗಿಯೂ, ಗಾಳಿ ಸೋರದಂತೆಯೂ ಇರಲೇಬೇಕು.

ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು 1905ರಲ್ಲಿ ಪೇಟೆಂಟು ಪಡೆದನು. ಅದೇ ದೇಶದ ಸೌರರ್ ಕಾರ್ಖಾನೆಯವರು 1938ರಲ್ಲಿ ಇದನ್ನು ಲಾರಿಯ ಎಂಜಿನ್ನಿಗೆ ಅಳವಡಿಸಿದರು. ಈ ಟರ್ಬೊ ಚಕ್ರವು ನಿಮಿಷಕ್ಕೆ ಒಂದು ಲಕ್ಷ ಸುತ್ತಿನಷ್ಟು ತಿರುಗಬಲ್ಲದು. ಅಂತಹ ವೇಗದಲ್ಲಿ ಮರಳಿನ ಕಣವೂ ಅದರ ಅಲಗುಗಳನ್ನು ಸವೆಸುವುದು. ಬೆಸುಗೆಯ ಒಂದು ಚೂರು ಅವನ್ನು ಮುರಿಯುವುದು.

ಒಂದು ಲೀಟರು ಡೀಸೆಲ್ ಪೂರ್ಣವಾಗಿ ಉರಿಯಬೇಕಾದರೆ ಸುಮಾರು 10,000 ಲೀಟರು ಗಾಳಿ ಬೇಕು. ವಾಸ್ತವವಾಗಿ ಎಂಜಿನ್ನು ಅದಕ್ಕಿಂತಲೂ ಹೆಚ್ಚಾಗಿಯೇ ಎಳೆದುಕೊಳ್ಳುವುದು. ಗಾಳಿ ಸೋಸುವ ಏರ್ ಕ್ಲೀನರಿನ ಮುಂದೆ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ, ನಮ್ಮ ಬಂಡಿದಾರಿಯ ಧೂಳು ಸೋಸದೆಯೇ ಒಳಹೋಗಿ ಸಿಲಿಂಡರುಗಳನ್ನು ಸವೆಸುವುದು.

ಗಾಳಿಯ ಮಾರ್ಗದಲ್ಲಿ ಎರಡು ಭಾಗಗಳುಂಟು. ಏರ್ ಕ್ಲೀನರಿನಿಂದ ಟರ್ಬೊವರೆಗಿನದು ಹೀರುವ ಕೊಳವೆ. ಊರಿನಲ್ಲಿ ಮಾಡಿಸಬಹುದಾದುದು ಇದೊಂದೇ. ಟರ್ಬೊದಿಂದ ಎಂಜಿನ್ನಿಗೆ ಹೋಗುವ ಭಾಗದಲ್ಲಿ ಒತ್ತಡವೂ ಹೆಚ್ಚು. ಹೊರೆ ಎಳೆಯುವಾಗ ಶಾಖವು 100 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದು. ಆದುದರಿಂದ ಅದಕ್ಕೆ ಕಂಪೆನಿಯ ಕೊಳವೆಯನ್ನೇ ಹಾಕತಕ್ಕದ್ದು. 2020ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದ ಲಾರಿಗಳಲ್ಲಿ ಗಾಳಿಯನ್ನು ಅಳೆಯುವ ಸೂಕ್ಷ್ಮ ಉಪಕರಣಗಳು ಅನೇಕ ವೇಳೆ ಈ ಮಾರ್ಗದಲ್ಲಿಯೇ ಇರುವುವು. ಅಂತಹ ಲಾರಿಗಳಿಗೂ, ಗ್ಯಾರಂಟಿಯ ಅವಧಿ ಮುಗಿಯದವುಗಳಿಗೂ ಮನೆಯ ಕೊಳವೆ ಕೂಡದು.

ಕೊಳವೆ ಮಾಡಿಸುವ ಕ್ರಮ ಹೀಗೆ: ಸೈಲೆನ್ಸರ್ ಮಾಡುವ ಅಂಗಡಿಗಳಲ್ಲಿ ಸಿದ್ಧ ಬಾಗುಗಳು ದೊರೆಯುವುವು. ಸುಮಾರು 1.5 ಮಿಲಿಮೀಟರು ದಪ್ಪದ ಉಕ್ಕಿನ ಅಥವಾ ಅಲ್ಯೂಮಿನಿಯಮ್ಮಿನ ಕೊಳವೆಯನ್ನು ಆರಿಸತಕ್ಕದ್ದು. ತುಕ್ಕು ಹಿಡಿದುದೂ, ಒಳಗೆ ಬಣ್ಣ ಬಳಿದುದೂ ಬೇಡ. ಹಕ್ಕಳೆಯೆದ್ದು ಟರ್ಬೊದೊಳಗೆ ಹೋಗುವುದು. ಒಳಗಣ ಅಗಲವು ಟರ್ಬೊದ ಬಾಯಿಗಿಂತ ಕಿರಿದಾಗಿರಕೂಡದು. ಬಾಗುಗಳು ಕಡಿಮೆಯಾಗಿಯೂ ನಿಧಾನವಾಗಿಯೂ ಇರಬೇಕು. ಬಾಗಿದ ಕಡೆ ಕೊಳವೆ ಚಪ್ಪಟೆಯಾಗಿರಬಾರದು. ಹಳೆಯ ಕೊಳವೆಗೆ ಇತರ ಸಣ್ಣ ಕೊಳವೆಗಳು ಸೇರಿದ್ದರೆ, ಹೊಸದರಲ್ಲಿಯೂ ಅದೇ ಸ್ಥಳದಲ್ಲಿ ಅದೇ ಅಳತೆಯ ಬಾಯಿಗಳನ್ನು ಇಡಿಸತಕ್ಕದ್ದು.

ಬೆಸುಗೆಗೆ ಆರ್ಗಾನ್ ಬೆಸುಗೆಯೇ ಉತ್ತಮ. ಕಡ್ಡಿಯ ಬೆಸುಗೆಯು ಒಳಗೆ ಕಿಟ್ಟವನ್ನೂ ಹನಿಗಳನ್ನೂ ಬಿಡುವುದು. ತರುವಾಯ ಒಳಭಾಗವನ್ನು ಅರದಿಂದಲೂ ಉಪ್ಪುಕಾಗದದಿಂದಲೂ ಉಜ್ಜಿ, ತೊಳೆದು, ಬಿಳಿಯ ಬಟ್ಟೆಯನ್ನು ತೂರಿಸಿ ಎಳೆಯಬೇಕು. ಬಟ್ಟೆಯಲ್ಲಿ ಒಂದು ಕಣವೂ ಕಾಣದವರೆಗೆ ಈ ಕೆಲಸ ಮುಗಿದಂತಲ್ಲ.

ಬಳಿಕ ಕೊಳವೆಯ ಬಾಯಿಗಳನ್ನೆಲ್ಲಾ ಬಿರಡೆಯಿಂದ ಮುಚ್ಚಿ, ಒಂದರಲ್ಲಿ ಟೈರಿನ ವಾಲ್ವು ಕೂರಿಸಿ, ಸೈಕಲ್ ಪಂಪಿನಿಂದ ಸ್ವಲ್ಪವೇ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸತಕ್ಕದ್ದು. ಗುಳ್ಳೆಯೆದ್ದರೆ ಮತ್ತೆ ಬೆಸೆಯಿಸಬೇಕು. ಹೆಚ್ಚಿನ ಒತ್ತಡ ಹಾಕಿದರೆ ಬಿರಡೆ ಸಿಡಿದು ಅಪಾಯವಾದೀತು.

ಎಂಜಿನ್ನು ಅದುರುವುದರಿಂದ ಎರಡು ತುದಿಗಳಲ್ಲಿಯೂ ಗಟ್ಟಿಯಾದ ರಬ್ಬರು ಅಥವಾ ಸಿಲಿಕೋನ್ ಜೋಡುಕೊಳವೆಯನ್ನು ಹಾಕಿ ಕ್ಲಾಂಪಿನಿಂದ ಬಿಗಿಯಬೇಕು. ಮೆತ್ತನೆಯ ರಬ್ಬರು ಹೀರುವ ಬಲಕ್ಕೆ ಒಳಸೇರಿ ಗಾಳಿಯನ್ನು ತಡೆಯುವುದು. ಆಗ ಲಾರಿಯು ಏರಿನಲ್ಲಿ ಶಕ್ತಿಗುಂದಿ ಕಪ್ಪು ಹೊಗೆ ಬಿಡುವುದು. ಕೊಳವೆಯ ಭಾರವನ್ನು ಟರ್ಬೊದ ಮೇಲೆ ಹೊರಿಸದೆ, ಪಟ್ಟಿಯಿಂದ ಆತುಕೊಡಬೇಕು.

ಒಂದು ವಾರ ಓಡಿಸಿದ ಮೇಲೆ, ಎಂಜಿನ್ನನ್ನು ನಿಲ್ಲಿಸಿ ಕೊಳವೆಯನ್ನು ಬಿಚ್ಚಿ, ಒಳಗೆ ಬಿಳಿಯ ಬಟ್ಟೆಯಿಂದ ಒರಸಿ ನೋಡತಕ್ಕದ್ದು. ಧೂಳು ಹತ್ತಿದರೆ ಎಲ್ಲಿಯೋ ಸೋರಿಕೆಯಿದೆಯೆಂದೇ ತಿಳಿದು, ಅದನ್ನು ಸರಿಪಡಿಸದೆ ಲಾರಿಯನ್ನು ಹೊರಡಿಸಬಾರದು. ಸಾಲ ಮಾಡಿ ಕೊಂಡ ಲಾರಿಯ ಎಂಜಿನ್ನು ಕೆಟ್ಟರೆ, ಅದರ ಭಾರವು ಕಡೆಗೆ ಹೊಲದ ಮೇಲೆಯೇ ಬೀಳುವುದು. ಆದುದರಿಂದ ಗ್ರಾಮದ ಪ್ರಮುಖರು ಈ ಬಟ್ಟೆಯ ಪರೀಕ್ಷೆಯನ್ನು ತಾವೇ ಮಾಡಿ ನೋಡಿ, ಊರಿನ ಇತರ ಲಾರಿಯವರಿಗೂ ಚಾಲಕರಿಗೂ ತಿಳಿಯಹೇಳಬೇಕೆಂದು ಕೋರುತ್ತೇವೆ.