ಕೊನೆಯ ಪುಟವಿಲ್ಲದ ಪತ್ತೇದಾರಿ ಕಥೆ

ಪತ್ತೇದಾರಿ ಕಾದಂಬರಿಗಳನ್ನು ಓದುವವರ ವಿಷಯದಲ್ಲಿ ನಮ್ಮವರಿಗೆ ಮೊದಲಿನಿಂದಲೂ ಒಂದು ಬಗೆಯ ತಾತ್ಸಾರವುಂಟು. ಭಗವದ್ಗೀತೆಯನ್ನು ಹಿಡಿದು ಕುಳಿತವನನ್ನು ಯಾರೂ ಎಬ್ಬಿಸುವುದಿಲ್ಲ. ಪತ್ತೇದಾರಿ ಪುಸ್ತಕವನ್ನು ಹಿಡಿದು ಕುಳಿತವನಿಗಾದರೋ, ಬಿಡುವಿನ ವೇಳೆಯಲ್ಲಿಯೂ, ಏನಾದರೊಂದು ಕೆಲಸವನ್ನು ಹುಡುಕಿಕೊಡಲಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಬಾಗಿಲೆಳೆದು, ಮೇಜು ಒರಸಿ, ಕುರ್ಚಿಗಳನ್ನು ಮೇಲೇರಿಸಿ, ಅಲ್ಲಿಯೇ ಚಾಪೆ ಬಿಡಿಸಿದ ಹುಡುಗನು ಹತ್ತು ಪುಟ ಓದಿ ನಿದ್ರೆಹೋಗಬೇಕೆಂದರೆ ದೀಪದ ಖರ್ಚಿನ ಮಾತು ಬರುತ್ತದೆ. ಗಲ್ಲಾದ ಹಿಂದೆ ಹಲವು ವರ್ಷ ಕಳೆದವರಿಗೆ ಈ ಮಾತಿನ ಪರಿಚಯ ಚೆನ್ನಾಗಿಯೇ ಇರುತ್ತದೆ. ಈಗ ಪುಸ್ತಕದ ಜಾಗಕ್ಕೆ ಮೊಬೈಲು ಬಂದಿದೆಯಾದರೂ ಆಕ್ಷೇಪಣೆ ಬದಲಾಗಿಲ್ಲ: ಕೊಲೆ, ಕಳ್ಳತನ, ರಹಸ್ಯ ಎಂದು ಓದುತ್ತಿದ್ದರೆ ಬುದ್ಧಿ ಕೆಡುವುದಂತೆ!

ಕನ್ನಡದಲ್ಲಿ ಈ ಬಗೆಯ ಸಾಹಿತ್ಯವನ್ನು ಬೆಳೆಸಿದವರು ಹಗುರವಾದ ಜನರೇನೂ ಅಲ್ಲ. ೧೯೫೨ರಲ್ಲಿ ‘ಪತ್ತೇದಾರ ಪುರುಷೋತ್ತಮ’ದಿಂದ ಆರಂಭಿಸಿದ ಎನ್. ನರಸಿಂಹಯ್ಯನವರು ೨೦೧೧ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದಿದ್ದರು. ಅವರಿಗೆ ಹೆಚ್ಚಿನ ಶಾಲಾ ವಿದ್ಯಾಭ್ಯಾಸವಿರಲಿಲ್ಲ. ಆದರೂ ಅಕ್ಷರ ಕೂಡಿಸಿ ತಡವರಿಸುತ್ತಿದ್ದ ಎಷ್ಟೋ ಜನರನ್ನು ಸರಾಗವಾಗಿ ಓದುವವರನ್ನಾಗಿ ಮಾಡಿದ ಶ್ರೇಯಸ್ಸು ಅವರಿಗೆ ಸಲ್ಲಬೇಕು. ಕನ್ನಡದ ಹಳದಿ ಕೆಂಪು ಬಾವುಟವನ್ನು ರೂಪಿಸಿ ೧೯೬೭ರಲ್ಲಿ ನಿಧನರಾದ ಮ. ರಾಮಮೂರ್ತಿಯವರು ಕೂಡ ಪತ್ತೇದಾರಿ ಕಾದಂಬರಿಕಾರರೇ ಆಗಿದ್ದರೆಂಬುದು, ನವೆಂಬರು ಒಂದರಂದು ಆ ಬಾವುಟವನ್ನೇರಿಸುವ ಅನೇಕರಿಗೆ ತಿಳಿಯದು.

ಈ ಕಥೆಗಳ ಆಕರ್ಷಣೆ ಇರುವುದು ಹೆಣದಲ್ಲಲ್ಲ. ಕೊಲೆಯ ವರ್ಣನೆ ಎರಡು ಪುಟಗಳಲ್ಲಿ ಮುಗಿದುಹೋಗುತ್ತದೆ. ಉಳಿದ ನೂರೈವತ್ತು ಪುಟಗಳಲ್ಲಿ ನಮ್ಮನ್ನು ಹಿಡಿದು ಕೂರಿಸುವುದು, ಎಲ್ಲರೂ ಕಂಡು ಯಾರೂ ಗಮನಿಸದೆ ಬಿಟ್ಟ ಒಂದು ಸಣ್ಣ ಸಂಗತಿ. ಮಳೆಯ ರಾತ್ರಿ ಬಂದವನ ಜೋಡಿನಲ್ಲಿ ಕೆಸರಿಲ್ಲವೇಕೆ? ಇಂತಹ ಪ್ರಶ್ನೆಯೇ ಆ ಕಥೆಯ ಜೀವ. ಹೊಟೇಲಿನವರಿಗೆ ಈ ವಿದ್ಯೆ ಹೊಸದಲ್ಲ. ಗಿರಾಕಿಯು ಕುರ್ಚಿಯೆಳೆದು ಕುಳಿತ ರೀತಿಯಿಂದಲೇ, ಇವನು ರೈಲಿಳಿದು ಬಂದವನೋ ಆಫೀಸಿನಿಂದ ಬಂದವನೋ, ಬಿಲ್ಲು ಕೊಡುವವನೋ ಜಾರಿಕೊಳ್ಳುವವನೋ ಎಂಬುದನ್ನು ನುರಿತ ಸಪ್ಲಾಯರನು ನೀರಿನ ಲೋಟವಿಡುವುದರೊಳಗೆ ಅರಿತಿರುತ್ತಾನೆ. ಎಡಿನ್‌ಬರೋ ನಗರದ ವೈದ್ಯ ಜೋಸೆಫ್ ಬೆಲ್ ಎಂಬವರು ಹೀಗೆಯೇ ರೋಗಿಯ ಕೈ, ನಡಿಗೆ, ಉಡುಪುಗಳನ್ನು ನೋಡಿ ಅವನ ಕಸುಬನ್ನು ಹೇಳಿಬಿಡುತ್ತಿದ್ದರು. ಅವರ ಶಿಷ್ಯರಾಗಿದ್ದ ಆರ್ಥರ್ ಕಾನನ್ ಡಾಯ್ಲ್ ಅವರು ಆ ಗುಣವನ್ನೇ ಷರ್ಲಾಕ್ ಹೋಮ್ಸನಿಗೆ ಧಾರೆಯೆರೆದು ೧೮೮೭ರಲ್ಲಿ ಲೋಕದ ಮುಂದೆ ನಿಲ್ಲಿಸಿದರು.

ಡಾಯ್ಲ್ ಅವರಿಗೆ ಈ ಕಣ್ಣು ಕಾಗದದ ಮೇಲೆ ಮಾತ್ರ ಇರಲಿಲ್ಲ. ಮುಂಬಯಿಯ ಪಾರ್ಸಿ ಮನೆತನದಲ್ಲಿ ಹುಟ್ಟಿ, ಕ್ರೈಸ್ತ ಮತವನ್ನು ಸ್ವೀಕರಿಸಿ, ಇಂಗ್ಲೆಂಡಿನ ಗ್ರೇಟ್ ವೈರ್ಲಿ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದ ಶಾಪೂರ್ಜಿ ಎದಲ್ಜಿ ಎಂಬವರಿಗೆ ಜಾರ್ಜ್ ಎಂಬ ಮಗನಿದ್ದನು. ವಕೀಲನಾದ ಈತನು ರೈಲ್ವೆ ಪ್ರಯಾಣಿಕರ ಹಕ್ಕುಗಳನ್ನು ಕುರಿತು ಪುಸ್ತಕವನ್ನೂ ಬರೆದಿದ್ದನು. ೧೯೦೩ರಲ್ಲಿ ಆ ಹಳ್ಳಿಯ ಸುತ್ತಮುತ್ತ ರಾತ್ರಿವೇಳೆ ಕುದುರೆ, ದನಗಳ ಹೊಟ್ಟೆಯನ್ನು ಯಾರೋ ಸೀಳತೊಡಗಿದಾಗ ಸಂಶಯವು ಈ ಕಪ್ಪು ಚರ್ಮದ ಯುವಕನ ಮೇಲೆ ಬಂದಿತು. ಏಳು ವರ್ಷಗಳ ಕಠಿಣ ಶಿಕ್ಷೆಯಾಯಿತು. ಮೂರು ವರ್ಷಗಳ ಬಳಿಕ ಬಿಡುಗಡೆ ಹೊಂದಿದರೂ ಕಳಂಕವು ಉಳಿದೇ ಇತ್ತು. ಡಾಯ್ಲ್ ಅವರು ಅವನನ್ನು ಮೊದಲು ಕಂಡದ್ದು ಲಂಡನ್ನಿನ ಒಂದು ಹೊಟೇಲಿನ ಪಡಸಾಲೆಯಲ್ಲಿ. ಅವನು ವೃತ್ತಪತ್ರಿಕೆಯನ್ನು ಕಣ್ಣಿಗೆ ತೀರ ಹತ್ತಿರ, ಕೊಂಚ ಓರೆಯಾಗಿ ಹಿಡಿದು ಓದುತ್ತಿದ್ದನು. ಸ್ವತಃ ಕಣ್ಣಿನ ವೈದ್ಯಕೀಯವನ್ನು ಬಲ್ಲವರಾಗಿದ್ದ ಡಾಯ್ಲ್ ಅವರಿಗೆ ಅಷ್ಟೇ ಸಾಕಾಯಿತು. ಹಗಲಿನಲ್ಲಿಯೇ ಎದುರಿನವರ ಮುಖ ಕಾಣದ ಈ ಮನುಷ್ಯನು ಕಗ್ಗತ್ತಲೆಯಲ್ಲಿ ರೈಲುಹಳಿಗಳನ್ನು ದಾಟಿ, ಬೇಲಿ ಹಾರಿ, ಕುದುರೆಯನ್ನು ಹುಡುಕಿ ಇರಿದನೆಂದರೆ ನಂಬುವುದು ಹೇಗೆ? ೧೯೦೭ರಲ್ಲಿ ಅವರು ಪತ್ರಿಕೆಯಲ್ಲಿ ಬರೆದ ಲೇಖನಗಳಿಂದ ದೊಡ್ಡ ಗದ್ದಲವೆದ್ದು, ಅದೇ ವರ್ಷ ಜಾರ್ಜನಿಗೆ ಕ್ಷಮಾದಾನ ದೊರೆಯಿತು. ಪರಿಹಾರವೆಂದು ಒಂದು ಕಾಸೂ ಸಿಗಲಿಲ್ಲ. ಆದರೆ ಶಿಕ್ಷೆಗೊಳಗಾದವರು ಮೇಲ್ಮನವಿ ಮಾಡಿಕೊಳ್ಳುವ ನ್ಯಾಯಾಲಯವು ಇಂಗ್ಲೆಂಡಿನಲ್ಲಿ ಆ ವರ್ಷವೇ ಸ್ಥಾಪಿತವಾಗಲು ಈ ಪ್ರಕರಣವೂ ಒಂದು ಕಾರಣವಾಯಿತು.

ಕಥೆಯ ರಹಸ್ಯದಲ್ಲಿ ಓದುಗನಿಗೆ ಒಂದು ಭರವಸೆಯುಂಟು. ಉತ್ತರವು ಕೊನೆಯ ಪುಟದಲ್ಲಿ ಇದ್ದೇ ಇದೆ. ಬೇಕಾದ ಸುಳಿವುಗಳನ್ನು ಕಥೆಗಾರನು ಮೊದಲೇ ಚೆಲ್ಲಿಟ್ಟಿದ್ದಾನೆ. ತಾಳ್ಮೆಗೆಟ್ಟವನು ಪುಸ್ತಕವನ್ನು ತಿರುವಿ ಹಿಂದಿನಿಂದ ನೋಡಿಬಿಡಬಹುದು. ಪ್ರಕೃತಿಯು ನಮ್ಮೊಡನೆ ಅಂತಹ ಕರಾರನ್ನು ಮಾಡಿಕೊಂಡಿಲ್ಲ. ಆದುದರಿಂದಲೇ ವಿಜ್ಞಾನದ ರಹಸ್ಯಗಳನ್ನು ಓದುವ ಸುಖವು ಇನ್ನೂ ಒಂದು ಮಟ್ಟ ಮೇಲಿನದೆಂದು ನಮಗೆ ತೋರುತ್ತದೆ. ದೂರದ ಉದಾಹರಣೆಯೇಕೆ? ಹೈದರಾಬಾದಿನ ನಮ್ಮ ವಾಚಕರು ಬೇಗಂಪೇಟೆಯ ಮಾರ್ಗವಾಗಿ ಓಡಾಡುವಾಗ ಅಂತಹದೊಂದು ಕಥೆಯ ಮಗ್ಗುಲಲ್ಲಿಯೇ ಹಾದುಹೋಗುತ್ತಾರೆ.

ಮಲೇರಿಯ ಎಂದರೆ ಇಟಲಿಯ ಭಾಷೆಯಲ್ಲಿ ಕೆಟ್ಟ ಗಾಳಿ. ಜೌಗುನೆಲದಿಂದೇಳುವ ವಿಷದ ಗಾಳಿಯಿಂದ ಈ ಜ್ವರ ಬರುವುದೆಂದು ಲೋಕವು ಶತಮಾನಗಳ ಕಾಲ ನಂಬಿತ್ತು. ೧೮೮೦ರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ವೈದ್ಯ ಲಾವೆರಾನ್ ಅವರು ರೋಗಿಯ ರಕ್ತದಲ್ಲಿ ಒಂದು ಸೂಕ್ಷ್ಮ ಜೀವಿಯನ್ನು ಕಂಡರು. ಅಪರಾಧಿ ಸಿಕ್ಕಂತಾಯಿತು, ಆದರೆ ಅವನು ಮನೆಯೊಳಕ್ಕೆ ನುಗ್ಗಿದ ಬಾಗಿಲು ಯಾವುದು? ಸೊಳ್ಳೆಯ ಮೇಲೆ ಅನುಮಾನಪಟ್ಟವರು ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್‌ಸನ್. ಸಾಕ್ಷ್ಯವನ್ನು ಹುಡುಕುವ ಭಾರವನ್ನು ಹೊತ್ತವರು ಭಾರತದ ಸೈನ್ಯದಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್. ಇವರು ಕಾದಂಬರಿಗಳನ್ನೂ ಕವಿತೆಗಳನ್ನೂ ಬರೆಯುತ್ತಿದ್ದ ಮನುಷ್ಯರೆಂಬುದನ್ನು ಇಲ್ಲಿ ನೆನೆಯಬೇಕು. ಹಿಂದೆ ಬೆಂಗಳೂರಿನಲ್ಲಿದ್ದಾಗ, ನೀರು ನಿಲ್ಲದಂತೆ ನೋಡಿಕೊಂಡರೆ ಸೊಳ್ಳೆಗಳು ಕಡಿಮೆಯಾಗುತ್ತವೆಂಬುದನ್ನೂ ಇವರು ಗಮನಿಸಿದ್ದರು.

ಪತ್ತೇದಾರಿ ಕಥೆಯಲ್ಲಿರುವಂತೆ ಇಲ್ಲಿಯೂ ದಾರಿತಪ್ಪಿಸುವ ಸುಳಿವುಗಳಿದ್ದವು. ಸೊಳ್ಳೆಯು ನೀರಿನಲ್ಲಿ ಬಿದ್ದು ಸಾಯುವುದರಿಂದ, ಆ ನೀರನ್ನು ಕುಡಿದವರಿಗೆ ಜ್ವರ ಬರುವುದೆಂದು ಮ್ಯಾನ್‌ಸನ್ನರ ಊಹೆ. ರಾಸ್ ಅವರು ಅಂತಹ ನೀರನ್ನು ಕುಡಿಸಿ ನೋಡಿದರು. ಮೊದಲು ಒಬ್ಬನಿಗೆ ಜ್ವರ ಬಂದಂತಾಗಿ ಆಸೆ ಹುಟ್ಟಿತು, ಮುಂದಿನವರಿಗೆ ಬರಲಿಲ್ಲ. ಎರಡು ವರ್ಷಗಳ ಕಾಲ ಅವರು ಸೀಳಿ ನೋಡಿದ ಸೊಳ್ಳೆಗಳೆಲ್ಲ ನಿರಪರಾಧಿ ಜಾತಿಯವು. ಸಿಕಂದರಾಬಾದಿನ ಬೇಸಿಗೆಯಲ್ಲಿ ಬೆವರು ಸುರಿದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕುಹಿಡಿದವು. ಪಂಖಾ ಎಳೆಸುವಂತಿರಲಿಲ್ಲ, ಸೀಳಿಟ್ಟ ಸೊಳ್ಳೆಗಳು ಹಾರಿಹೋಗುವ ಭಯ. ಕೊನೆಗೆ ೧೮೯೭ರ ಆಗಸ್ಟ್ ತಿಂಗಳಲ್ಲಿ, ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಬೇರೊಂದು ಜಾತಿಯ ಕೆಲವು ಸೊಳ್ಳೆಗಳು ದೊರೆತವು. ಹುಸೇನ್ ಖಾನ್ ಎಂಬ ರೋಗಿಯನ್ನು ಅವುಗಳಿಂದ ಕಚ್ಚಿಸಲಾಯಿತು. ಒಂದು ಕಡಿತಕ್ಕೆ ಒಂದಾಣೆ ಕೂಲಿ! ಆಗಸ್ಟ್ ೨೦ರಂದು, ಕೈಯಲ್ಲಿ ಎರಡೇ ಸೊಳ್ಳೆಗಳು ಉಳಿದಿದ್ದಾಗ, ಒಂದರ ಹೊಟ್ಟೆಯ ಗೋಡೆಯಲ್ಲಿ ರಾಸ್ ಅವರು ಕಪ್ಪು ಕಣಗಳುಳ್ಳ ದುಂಡನೆಯ ಕೋಶಗಳನ್ನು ಕಂಡರು. ಮಾರನೆಯ ದಿನ ಕೊನೆಯ ಸೊಳ್ಳೆಯಲ್ಲಿ ಅವು ಇನ್ನೂ ದೊಡ್ಡವಾಗಿದ್ದವು. ಬಾಗಿಲು ಸಿಕ್ಕಿತು. ೧೮೯೮ರಲ್ಲಿ ಕಲಕತ್ತೆಯಲ್ಲಿ ಹಕ್ಕಿಗಳ ಮಲೇರಿಯವನ್ನು ಪರೀಕ್ಷಿಸಿ, ಕ್ರಿಮಿಯು ಸೊಳ್ಳೆಯ ಎಂಜಲಿನ ಗ್ರಂಥಿಗೆ ಬಂದು ಕಡಿತದ ಮೂಲಕ ಹರಡುವುದೆಂಬುದನ್ನು ತೋರಿಸಿದರು. ೧೯೦೨ರಲ್ಲಿ ನೊಬೆಲ್ ಬಹುಮಾನವೂ ಬಂದಿತು. ಒಂದಾಣೆಯ ಹುಸೇನ್ ಖಾನನ ಹೆಸರು ಉಳಿದುಕೊಂಡಿತಲ್ಲ ಎಂಬುದೇ ನಮಗೆ ಸಮಾಧಾನ.

ಕಾದಂಬರಿಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಸೊಳ್ಳೆ ಕಚ್ಚಿದ ಮೇಲೆ ಜ್ವರ ಬರುವುದಕ್ಕೆ ಮುಂಚೆ ಎಷ್ಟೋ ದಿನಗಳು ರಕ್ತದಲ್ಲಿ ಕ್ರಿಮಿಯ ಸುಳಿವೇ ಇರುವುದಿಲ್ಲ. ಆ ದಿನಗಳಲ್ಲಿ ಅದು ಅಡಗಿರುವುದೆಲ್ಲಿ? ಅರ್ಧ ಶತಮಾನ ಕಳೆದು ೧೯೪೮ರಲ್ಲಿ ಷಾರ್ಟ್ ಮತ್ತು ಗಾರ್ನ್‌ಹ್ಯಾಂ ಎಂಬವರು ಅಡಗುತಾಣವನ್ನು ಕಂಡುಹಿಡಿದರು: ಅದು ಪಿತ್ತಜನಕಾಂಗ. ವಿಶ್ವ ಆರೋಗ್ಯ ಸಂಸ್ಥೆಯು ಮಲೇರಿಯದ ಲಸಿಕೆಯೊಂದನ್ನು ಮಕ್ಕಳಿಗೆ ವ್ಯಾಪಕವಾಗಿ ಹಾಕಬಹುದೆಂದು ಶಿಫಾರಸು ಮಾಡಿದ್ದು ೨೦೨೧ರಲ್ಲಿ. ಪುಟ ತಿರುವಿದಷ್ಟೂ ಅಧ್ಯಾಯಗಳು.

ರಹಸ್ಯದ ಹೆಸರಿನಲ್ಲಿ ಮಾರಾಟವಾಗುವುದೆಲ್ಲವೂ ಈ ಜಾತಿಯದಲ್ಲ. ಅಟ್ಲಾಂಟಿಕ್ ಸಾಗರದ ಬರ್ಮುಡಾ ತ್ರಿಕೋನದಲ್ಲಿ ಹಡಗುಗಳೂ ವಿಮಾನಗಳೂ ಮಾಯವಾಗುತ್ತವೆಂಬ ಕಥೆಯನ್ನು ಕೇಳದವರಿಲ್ಲ. ಅಮೆರಿಕದ ಅರಿಜೋನಾ ರಾಜ್ಯದ ವಿಶ್ವವಿದ್ಯಾಲಯವೊಂದರ ಪುಸ್ತಕ ಭಂಡಾರದಲ್ಲಿ ನೌಕರರಾಗಿದ್ದ ಲ್ಯಾರಿ ಕುಶೆ ಎಂಬವರು ಈ ಕಥೆಗಳನ್ನು ಒಂದೊಂದಾಗಿ ತೆಗೆದುಕೊಂಡು, ಆಯಾ ದಿನದ ಹಳೆಯ ವೃತ್ತಪತ್ರಿಕೆಗಳನ್ನೂ ಹವಾಮಾನದ ದಾಖಲೆಗಳನ್ನೂ ತೆಗೆಸಿ ತಾಳೆ ನೋಡಿದರು. ಶಾಂತ ಸಮುದ್ರದಲ್ಲಿ ಮಾಯವಾಯಿತೆಂದ ಹಡಗು ಬಿರುಗಾಳಿಯಲ್ಲಿ ಸಿಕ್ಕಿತ್ತು. ಮತ್ತೊಂದು ಮುಳುಗಿದ್ದುದು ಬೇರೆಯ ಕಡಲಿನಲ್ಲಿ. ೧೯೭೫ರಲ್ಲಿ ಅವರು ಇದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದರು. ಕಡತಗಳ ನಡುವೆ ಕುಳಿತೇ ಮಾಡಿದ ಪತ್ತೇದಾರಿಕೆ ಇದು. ನಮ್ಮ ಗುಮಾಸ್ತ ಬಂಧುಗಳು ಹೆಮ್ಮೆಪಡಬೇಕಾದುದು. ಗೂಢವನ್ನು ಮಾರುವವರಿಗೆ ಉತ್ತರ ಬೇಕಿಲ್ಲ, ಉತ್ತರ ಬಂದರೆ ಸರಕು ಖರ್ಚಾಗದು. ಈ ಮೋಹವು ಎಂತಹ ಬುದ್ಧಿಶಾಲಿಯನ್ನೂ ಮರುಳುಮಾಡಬಲ್ಲದೆಂಬುದಕ್ಕೆ ಡಾಯ್ಲ್ ಅವರೇ ಸಾಕ್ಷಿ. ಕಾಟಿಂಗ್ಲಿ ಎಂಬ ಊರಿನ ಇಬ್ಬರು ಹುಡುಗಿಯರು ತೆಗೆದ ಯಕ್ಷಿಣಿಯರ ಛಾಯಾಚಿತ್ರಗಳನ್ನು ನಿಜವೆಂದು ನಂಬಿ, ೧೯೨೨ರಲ್ಲಿ ಅವರು ಒಂದು ಪುಸ್ತಕವನ್ನೇ ಬರೆದರು. ಕಾಗದದಲ್ಲಿ ಕತ್ತರಿಸಿದ ಬೊಂಬೆಗಳವು ಎಂದು, ಮುದುಕಿಯರಾದ ಆ ಹುಡುಗಿಯರು ೧೯೮೩ರಲ್ಲಿ ಒಪ್ಪಿಕೊಂಡರು.

ಕಾದಂಬರಿ ಮತ್ತು ವಿಜ್ಞಾನ ಎರಡರ ರುಚಿಯನ್ನೂ ಒಂದೇ ಬಟ್ಟಲಿನಲ್ಲಿ ಸವಿಯಬೇಕೆನ್ನುವವರು ಪೂರ್ಣಚಂದ್ರ ತೇಜಸ್ವಿಯವರು ೧೯೮೦ರಲ್ಲಿ ಪ್ರಕಟಿಸಿದ ‘ಕರ್ವಾಲೊ’ ಕಾದಂಬರಿಯನ್ನು ಓದಬೇಕು. ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಯೊಂದನ್ನು ಹುಡುಕಿಕೊಂಡು ಹೋಗುವವರ ಕಥೆ ಅದು. ಓತಿಯು ಸಿಕ್ಕಿತೇ ಇಲ್ಲವೇ ಎಂಬುದನ್ನು ಹೇಳಿ ಓದದವರ ಸುಖವನ್ನು ಕೆಡಿಸುವ ಪಾಪಕ್ಕೆ ನಾವು ಹೋಗುವುದಿಲ್ಲ. ಊರವರು ಕೆಲಸಕ್ಕೆ ಬಾರದವನೆಂದು ತಳ್ಳಿದ ಮಂದಣ್ಣನೆಂಬ ಹುಡುಗನಲ್ಲಿ ವಿಜ್ಞಾನಿ ಕರ್ವಾಲೊ ಅವರು ಹುಟ್ಟು ಸಂಶೋಧಕನನ್ನು ಕಾಣುತ್ತಾರೆ. ನಮಗೆ ಓತಿಗಿಂತ ದೊಡ್ಡ ಶೋಧನೆ ಎನಿಸಿದುದು ಅದೇ.

ಅಂತಹ ಮಂದಣ್ಣರು ಲೋಕದಲ್ಲಿ ನಿಜವಾಗಿಯೂ ಇರುತ್ತಾರೆ. ಆಫ್ರಿಕದ ಟಾಂಜಾನಿಯಾ ದೇಶದಲ್ಲಿ ೧೯೬೩ರಲ್ಲಿ ಎರಾಸ್ಟೊ ಎಂಪೆಂಬಾ ಎಂಬ ವಿದ್ಯಾರ್ಥಿಯು ಶಾಲೆಯಲ್ಲಿ ಗೆಳೆಯರೊಡನೆ ಐಸ್‌ಕ್ರೀಮು ಮಾಡುತ್ತಿದ್ದನು. ಹಾಲನ್ನು ಕಾಯಿಸಿ, ಸಕ್ಕರೆ ಬೆರೆಸಿ, ಆರಿಸಿ, ಬಳಿಕ ಫ್ರಿಜ್ಜಿನಲ್ಲಿಡುವುದು ಕ್ರಮ. ಜಾಗಕ್ಕಾಗಿ ನೂಕುನುಗ್ಗಲು. ತನ್ನ ಸರದಿ ತಪ್ಪೀತೆಂದು ಅವನು ಬಿಸಿಹಾಲನ್ನು ಹಾಗೆಯೇ ಒಳಗಿಟ್ಟನು. ಒಂದೂವರೆ ಗಂಟೆಯ ಬಳಿಕ ನೋಡಿದರೆ ಅವನ ಬಿಸಿಹಾಲು ಗಟ್ಟಿಯಾಗಿದೆ, ಕಾಯಿಸದೆ ತಣ್ಣಗೇ ಇಟ್ಟ ಗೆಳೆಯನದು ಇನ್ನೂ ಗಟ್ಟಿಯಾಗಿಲ್ಲ! ಮಾಸ್ತರರನ್ನು ಕೇಳಿದರೆ, ನಿನಗೆಲ್ಲೋ ಭ್ರಮೆ ಎಂದರು. ಟಾಂಗಾ ಪಟ್ಟಣದಲ್ಲಿ ಐಸ್‌ಕ್ರೀಮು ಮಾರುತ್ತಿದ್ದ ಗೆಳೆಯನು ಮಾತ್ರ, ನಾವು ಬಿಸಿಯಾಗಿಯೇ ಇಡುವುದು, ಬೇಗ ಆಗುತ್ತದೆ ಎಂದನು. ಮುಂದೆ ಹೈಸ್ಕೂಲಿನಲ್ಲಿಯೂ ಕೇಳಿದನು. ಅಲ್ಲಿಯ ಮಾಸ್ತರರು, ಇದು ಎಂಪೆಂಬಾನ ಭೌತಶಾಸ್ತ್ರ ಎಂದು ಹಾಸ್ಯಮಾಡಿದರು. ದಾರ್ ಎಸ್ ಸಲಾಮಿನಿಂದ ಡೆನಿಸ್ ಆಸ್‌ಬರ್ನ್ ಎಂಬ ಪ್ರಾಧ್ಯಾಪಕರು ಉಪನ್ಯಾಸಕ್ಕೆ ಬಂದಾಗ ಅವನು ಮತ್ತೆ ಎದ್ದುನಿಂತು ಅದನ್ನೇ ಕೇಳಿದನು, ಸಹಪಾಠಿಗಳು ನಕ್ಕರು. ಪ್ರಾಧ್ಯಾಪಕರು ನಗಲಿಲ್ಲ. ಹಿಂದಿರುಗಿ ಸಹಾಯಕನೊಬ್ಬನಿಗೆ ಪರೀಕ್ಷಿಸಲು ಹೇಳಿದರು. ಬಿಸಿನೀರೇ ಮೊದಲು ಹೆಪ್ಪುಗಟ್ಟಿತು, ಸರಿಯಾದ ಫಲ ಬರುವವರೆಗೂ ಪ್ರಯೋಗವನ್ನು ಮುಂದುವರಿಸುತ್ತೇನೆ ಎಂದು ಆ ಸಹಾಯಕನು ಬಂದು ಹೇಳಿದನಂತೆ! ೧೯೬೯ರಲ್ಲಿ ಹುಡುಗನೂ ಪ್ರಾಧ್ಯಾಪಕರೂ ಜೊತೆಯಾಗಿ ಇದನ್ನು ಪ್ರಕಟಿಸಿದರು. ಇಂತಹ ಸಂಗತಿಯನ್ನು ಹಿಂದೆ ಅರಿಸ್ಟಾಟಲನೂ ಹೇಳಿದ್ದನು. ಆದರೂ ಇಂದು ಇದಕ್ಕಿರುವ ಹೆಸರು ಎಂಪೆಂಬಾ ಪರಿಣಾಮ.

ಕಾರಣವೇನು? ಬಿಸಿನೀರು ಆವಿಯಾಗಿ ಪ್ರಮಾಣ ಕಡಿಮೆಯಾಗುವುದೆಂದು ಕೆಲವರು, ಕೆಳಗಿನ ಮಂಜು ಕರಗಿ ಪಾತ್ರೆಯು ಫ್ರಿಜ್ಜಿನ ತಳಕ್ಕೆ ಚೆನ್ನಾಗಿ ಅಂಟಿಕೊಳ್ಳುವುದೆಂದು ಕೆಲವರು. ೨೦೧೬ರಲ್ಲಿ ಬರಿಜ್ ಮತ್ತು ಲಿಂಡನ್ ಎಂಬ ವಿಜ್ಞಾನಿಗಳು, ಉಷ್ಣಮಾಪಕವನ್ನು ಕೊಂಚ ಮೇಲೆ ಕೆಳಗೆ ಇಟ್ಟರೂ ಫಲವು ಬದಲಾಗುವುದರಿಂದ ನೀರಿನಲ್ಲಿ ಇಂತಹ ಪರಿಣಾಮಕ್ಕೆ ತಕ್ಕ ಸಾಕ್ಷ್ಯವಿಲ್ಲವೆಂದರು. ೨೦೨೦ರಲ್ಲಿ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಅವಿನಾಶ್ ಕುಮಾರ್ ಮತ್ತು ಜಾನ್ ಬೆಕ್‌ಹೋಫರ್ ಅವರು, ನೀರಿನಲ್ಲಿ ತೇಲುವ ಸೂಕ್ಷ್ಮ ಗಾಜಿನ ಮಣಿಯೊಂದರಲ್ಲಿ ಅಂತಹುದೇ ವರ್ತನೆಯನ್ನು ಕಂಡೆವೆಂದರು. ವಾದ ಮುಗಿದಿಲ್ಲ.

ಇದನ್ನು ಪರೀಕ್ಷಿಸಲು ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ. ಒಂದೇ ತೆರನಾದ ಎರಡು ಸ್ಟೀಲಿನ ಲೋಟಗಳು, ತೂಕಮಾಡಿದ ಸಮಪ್ರಮಾಣದ ನೀರು, ಒಂದು ಬಿಸಿ, ಒಂದು ತಣ್ಣಗೆ. ಐಸಿನ ಖಾನೆಯಲ್ಲಿ ಒಂದೇ ಮಟ್ಟದ ಜಾಗ, ಎದುರಿಗೆ ಗಡಿಯಾರ. ಕೆಳಗೆ ಮಂಜು ಇಲ್ಲದಂತೆ ಮೊದಲು ಒರಸಿಕೊಳ್ಳಬೇಕು. ಒಮ್ಮೆ ಮಾಡಿದರೆ ಸಾಲದು, ಹತ್ತು ಸಲ ಮಾಡಿ ಬಂದುದನ್ನು ಬಂದಂತೆ ಬರೆದಿಡಬೇಕು. ಅಂತಹ ಪಟ್ಟಿಯನ್ನು ಕಳುಹಿಸಿದರೆ, ಫಲವು ಯಾವ ಕಡೆಗೆ ಇರಲಿ, ಈ ಪತ್ರಿಕೆಯಲ್ಲಿ ಸಂತೋಷದಿಂದ ಪ್ರಕಟಿಸುವೆವು. ಮಾಲಿಕರ ಅಪ್ಪಣೆಯನ್ನು ಮಾತ್ರ ಮುಂಚಿತವಾಗಿ ಪಡೆಯತಕ್ಕದ್ದು. ಐದೈದು ನಿಮಿಷಕ್ಕೊಮ್ಮೆ ಫ್ರಿಜ್ಜಿನ ಬಾಗಿಲು ತೆರೆದರೆ ಮರುದಿನದ ಹಾಲು ಕೆಡುವುದು.