ಓಟದ ಹಣ ಪ್ಲಾಟ್‌ಫಾರ್ಮಿನ ಮಗುವಿಗೆ ತಲುಪುವ ಬಗೆ



ಲಂಡನ್ನಿನಲ್ಲಿ ಒಬ್ಬರು 42 ಕಿಲೋಮೀಟರ್ ಓಡಿದರೆ ಭಾರತದ ರೈಲು ನಿಲ್ದಾಣದಲ್ಲಿ ಮಲಗುವ ಮಗುವಿಗೆ ಏನು ಪ್ರಯೋಜನ? ವಿದೇಶದಲ್ಲಿರುವ ಬಂಧುಗಳು "ನಾನು ಓಡುತ್ತಿದ್ದೇನೆ, ಕೈಲಾದಷ್ಟು ಕೊಡಿ" ಎಂದು ಸಂದೇಶ ಕಳುಹಿಸಿದಾಗ ಇದು ದಾನವೋ ಹವ್ಯಾಸವೋ ಎಂಬ ಅನುಮಾನ ಬರುವುದು ಸಹಜ. ಆದ್ದರಿಂದ ಆ ಹಣದ ದಾರಿಯನ್ನು ಇಲ್ಲಿ ವಿವರಿಸುತ್ತೇನೆ.

ಲಂಡನ್ ಮ್ಯಾರಥಾನ್ 1981ರಲ್ಲಿ ಆರಂಭವಾಯಿತು. ಅದರಲ್ಲಿ ಓಡಲು ಚೀಟಿ ಎತ್ತುತ್ತಾರೆ. 2025ರ ಓಟಕ್ಕೆ 8 ಲಕ್ಷ 40 ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದವು. ಓಡಿ ಮುಗಿಸಿದವರು 60 ಸಾವಿರಕ್ಕಿಂತ ಕಡಿಮೆ. ಈ ಕೊರತೆಯೇ ಸೇವಾ ಸಂಸ್ಥೆಗಳಿಗೆ ಅನುಕೂಲವಾಗಿದೆ. ಸಂಸ್ಥೆಯು ಆಯೋಜಕರಿಗೆ ಶುಲ್ಕ ಕಟ್ಟಿ ಕೆಲವು ಖಾತ್ರಿ ಸ್ಥಾನಗಳನ್ನು ಪಡೆಯುತ್ತದೆ. ಚೀಟಿಯಲ್ಲಿ ಹೆಸರು ಬಾರದವರು ಆ ಸ್ಥಾನ ಕೇಳಿಕೊಂಡು ಬರುತ್ತಾರೆ. ಪ್ರತಿಯಾಗಿ ಸುಮಾರು 2,000 ಪೌಂಡ್ ಸಂಗ್ರಹಿಸಿ ಕೊಡುವುದಾಗಿ ಒಪ್ಪುತ್ತಾರೆ. ಓಟಗಾರ ಅರ್ಧಕ್ಕೇ ಕೈಚೆಲ್ಲಿದರೆ ಸಂಸ್ಥೆ ಕಟ್ಟಿದ ಶುಲ್ಕ ನೀರುಪಾಲು. ಅದಕ್ಕೇ ಸಂಸ್ಥೆಯವರು ತಿಂಗಳುಗಟ್ಟಲೆ ಓಟಗಾರರ ಬೆನ್ನು ಬಿಡುವುದಿಲ್ಲ, ಶುಲ್ಕ ಕಟ್ಟದ ಪೋಷಕರ ಹಿಂದೆ ಗುಮಾಸ್ತರು ಬೀಳುವ ಹಾಗೆ! 2024ರ ಒಂದೇ ಓಟದಿಂದ ವಿವಿಧ ಸೇವಾಕಾರ್ಯಗಳಿಗೆ 7 ಕೋಟಿ 35 ಲಕ್ಷ ಪೌಂಡ್ ಸೇರಿತು.

ಇನ್ನೊಂದು ಲಾಭ 'ಗಿಫ್ಟ್ ಏಡ್'. ಬ್ರಿಟನ್ನಿನಲ್ಲಿ ಸಾಕಷ್ಟು ತೆರಿಗೆ ಕಟ್ಟಿದವರು ಘೋಷಣೆಗೆ ಒಪ್ಪಿಗೆ ಕೊಟ್ಟು 20 ಪೌಂಡ್ ದಾನ ಮಾಡಿದರೆ, ಸಂಸ್ಥೆಯು ಅಲ್ಲಿನ ಸರ್ಕಾರದಿಂದ ಮತ್ತೆ 5 ಪೌಂಡ್ ಕೇಳಿ ಪಡೆಯಬಹುದು. ಇಲ್ಲಿಂದ ಕಳುಹಿಸುವವರಿಗೆ ಇದು ಅನ್ವಯಿಸದು. ಆದ್ದರಿಂದ ಅಲ್ಲಿರುವ ಮಗ ಕೊಡುವುದೇ ಲೇಸು, ಇಲ್ಲಿಯ ತಂದೆ ಕೊಡುವುದಕ್ಕಿಂತ.

ಈಗ ಮಗುವಿನ ವಿಷಯ. ಬ್ರಿಟಿಷ್ ರೈಲ್ವೆಯಲ್ಲಿ ಅಧಿಕಾರಿಯಾಗಿದ್ದ ಡೇವಿಡ್ ಮೇಡ್‌ಮೆಂಟ್ 1995ರಲ್ಲಿ 'ರೈಲ್ವೆ ಚಿಲ್ಡ್ರನ್' ಎಂಬ ಸಂಸ್ಥೆಯನ್ನು ಕಟ್ಟಿದರು. ಮುಂಬಯಿಯ ನಿಲ್ದಾಣವೊಂದರಲ್ಲಿ ಭಿಕ್ಷೆ ಬೇಡುತ್ತಿದ್ದ ಪುಟ್ಟ ಹುಡುಗಿಯನ್ನು ಕಂಡದ್ದು ಅದಕ್ಕೆ ಪ್ರೇರಣೆ. ಹೊಡೆತ, ಹಸಿವು, ಕೆಲವೊಮ್ಮೆ ಪರೀಕ್ಷೆಯ ಭಯದಿಂದಲೂ ಮನೆ ಬಿಟ್ಟ ಮಕ್ಕಳು ಸಿಕ್ಕ ರೈಲು ಹತ್ತುತ್ತಾರೆ. ಇಳಿದ ಮೊದಲ ಕೆಲವು ಗಂಟೆಗಳೇ ನಿರ್ಣಾಯಕ. ಒಳ್ಳೆಯವರ ಕೈಗೆ ಸಿಗುತ್ತದೆಯೋ, ದುಡಿಸಿಕೊಳ್ಳುವವರ ಕೈಗೋ ಎಂಬುದು ಆಗಲೇ ತೀರ್ಮಾನವಾಗಿಬಿಡಬಹುದು. 2015ರ ಬಾಲನ್ಯಾಯ ಕಾಯ್ದೆಯಂತೆ ಸಿಕ್ಕ ಮಗುವನ್ನು, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಇಂಥ ಕೆಲಸದಲ್ಲಿ ದಾನದ ಹಣ ಹೆಚ್ಚಾಗಿ ಖರ್ಚಾಗುವುದು ಕಟ್ಟಡಕ್ಕಲ್ಲ, ಮನುಷ್ಯರಿಗೆ: ರಾತ್ರಿ ಪ್ಲಾಟ್‌ಫಾರ್ಮಿನಲ್ಲಿ ಕಣ್ಣಿಟ್ಟು ನಿಲ್ಲುವವರಿಗೆ, ಮಗುವಿನ ಭಾಷೆಯಲ್ಲಿ ಮಾತನಾಡಬಲ್ಲವರಿಗೆ, ಊರು ಹುಡುಕಿ ಮನೆಯವರೊಡನೆ ಕುಳಿತು ಮಾತನಾಡುವವರಿಗೆ. ಅವರ ಸಂಬಳವನ್ನು 'ಆಡಳಿತ ವೆಚ್ಚ' ಎಂದು ಮೂಗು ಮುರಿಯುವುದು ನನಗೆ ಸರಿಕಾಣದು.

ವಿದೇಶಿ ಹಣಕ್ಕೆ ನಮ್ಮ ದೇಶದಲ್ಲಿ ಬಿಗಿಯಾದ ನಿಯಮಗಳಿವೆ. 2020ರ ತಿದ್ದುಪಡಿಯ ನಂತರ ನೋಂದಾಯಿತ ಸಂಸ್ಥೆಯು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿರುವ ನಿಗದಿತ ಖಾತೆಗೇ ಅದನ್ನು ಪಡೆಯಬೇಕು. ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತಕ್ಕೆ ಶೇಕಡಾ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ.

ಹಾಗಾಗಿ ಮುಂದಿನ ಸಲ ಸಂದೇಶ ಬಂದಾಗ ಓಟಗಾರರನ್ನು ನೇರವಾಗಿ ಕೇಳಿ: ಸ್ಥಾನದ ಶುಲ್ಕ ಯಾರದು? ನಿಮ್ಮ ಪ್ರಯಾಣ, ಬೂಟಿನ ಖರ್ಚು ಸ್ವಂತದ್ದೇ? ಸಂಸ್ಥೆಯ ಲೆಕ್ಕಪತ್ರ ಎಲ್ಲಿ ಸಿಗುತ್ತದೆ? ಅಳುವ ಮಗುವಿನ ಮುಖ ತೋರಿಸಿ ಹಣ ಕೇಳುವವರಿಗೆ ನಾನಂತೂ ಕೊಡಲಾರೆ. ಆ ಮಗು ನಾಳೆ ಶಾಲೆಗೆ ಹೋಗಬೇಕಾದ ಮಗು.

ನೀವೇ ಪ್ರಯಾಣಿಸುವಾಗ ಒಂಟಿಯಾಗಿ ಅಲೆಯುವ ಮಗು ಕಂಡರೆ ಪ್ರಶ್ನೆಗಳಿಂದ ಹೆದರಿಸಬೇಡಿ. ಕಣ್ಣಳತೆಯಲ್ಲೇ ಇದ್ದು 1098ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲಿರುಳೂ ತೆರೆದಿರುತ್ತದೆ. ನಿಲ್ದಾಣದ ರೈಲ್ವೆ ರಕ್ಷಣಾ ದಳದವರಿಗೂ ತಿಳಿಸಬಹುದು.