ಮೇಕೆ ಕಲಿಸುವ ಚಾಟ್ನಿ

ಚಳ್ಳಕೆರೆ ಸುತ್ತಿನ ಅಮೃತ ಮಹಲ್ ಕಾವಲುಗಳಲ್ಲಿ, ಮೊಳಕಾಲ್ಮುರಿನ ಕಲ್ಲುಗುಡ್ಡಗಳ ಬುಡದಲ್ಲಿ ಓಡಾಡಿದವರಿಗೆ ಈ ಗಿಡಗಳ ಪರಿಚಯ ಇದ್ದೇ ಇರುತ್ತದೆ. ಎತ್ತರ ಮಂಡಿಯುದ್ದ, ಬೊಡ್ಡೆ ಮಾತ್ರ ಮುಂಗೈ ದಪ್ಪ. ಕಾರೆಯೋ ಎಲಚಿಯೋ ಜಾಲಿಯೋ, ಮಳೆಗೆ ಹೊರಟ ಕುಡಿಯನ್ನು ಮೇಕೆ ಮೇದಿದೆ. ಅದರ ಕೆಳಗಿನಿಂದ ಎರಡು ಕುಡಿ ಒಡೆದಿವೆ, ಮರುವರ್ಷ ಅವನ್ನೂ ಮೇದಿದೆ. ವರ್ಷಗಟ್ಟಲೆ ಹೀಗೇ ನಡೆದು, ಗಿಡ ಮೇಲೇರುವ ಆಸೆ ಬಿಟ್ಟು ಗಂಟುಗಂಟಾಗಿ, ದಟ್ಟವಾಗಿ, ಮುದಿಮರದ ಠೀವಿ ತಳೆದು ನಿಂತಿರುತ್ತದೆ. ಕುಂಡದಲ್ಲಿ ಕುಬ್ಜ ಮರ ಪಳಗಿಸುವ ಬೋನ್ಸಾಯ್ ಕಲಿಯಬೇಕೆನ್ನುವವರು ಪುಸ್ತಕ ತೆರೆಯುವ ಮೊದಲು ಇಂಥದ್ದೊಂದು ಗಿಡದ ಮುಂದೆ ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂರಬೇಕು. ಈ ಕಲೆಯ ಮೊದಲ ಪಾಠವೆಲ್ಲ ಅದರ ಮೈಮೇಲೇ ಇದೆ.

ಮೇಕೆ ಮಾಡಿದ್ದಿಷ್ಟೇ. ರೆಂಬೆಯ ತುದಿಕುಡಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನು ಹುಟ್ಟಿ ಕೆಳಕ್ಕಿಳಿಯುತ್ತದೆ, ಇಳಿಯುತ್ತ ಕೆಳಗಿನ ಮೊಗ್ಗುಗಳನ್ನು ತೆಪ್ಪಗಿರಿಸುತ್ತದೆ. ತುದಿ ಹೋಯಿತೆಂದರೆ ಆ ಮೊಗ್ಗುಗಳು ಎಚ್ಚೆತ್ತು ಪಕ್ಕಗವಲು ಒಡೆಯುತ್ತವೆ. ಈ ಭಾಗದಲ್ಲಿ ದಾಳಿಂಬೆ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಂಗಾಮಿಗೆ ಮುಂಚೆ ಚಾಟ್ನಿ ಮಾಡುವಾಗ, ಅಂದರೆ ರೆಂಬೆ ಸವರುವಾಗ, ಅವರು ಮಾಡುವುದೂ ಇದನ್ನೇ. ತೋಟದಲ್ಲಿ ಕಾಯಿಗಾಗಿ ಹಿಡಿಯುವ ಕತ್ತರಿಯನ್ನು ಕುಂಡದಲ್ಲಿ ಆಕಾರಕ್ಕಾಗಿ ಹಿಡಿಯಬೇಕು, ಅಷ್ಟೇ ಅಂತರ. ಜಪಾನಿನಿಂದ ತರಿಸಿದ ಉಪಕರಣದ ಪೆಟ್ಟಿಗೆ ಬೇಡ. ದಾಳಿಂಬೆಗೆ ಬಳಸುವ ಕತ್ತರಿಯೇ ಸಾಕು, ಬಾಯಿ ಹರಿತವಾಗಿರಬೇಕು.

ಬೋನ್ಸಾಯ್ ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಪಳಗಿದ ಕಲೆ. ಅಮೆರಿಕದ ವಾಷಿಂಗ್ಟನ್ನಿನ ರಾಷ್ಟ್ರೀಯ ವೃಕ್ಷೋದ್ಯಾನದಲ್ಲಿ ಒಂದು ಬಿಳಿ ಪೈನ್ ಇದೆ. 1625ರಿಂದ ಪಳಗಿಸುತ್ತ ಬಂದ ಮರ. ಹಿರೋಷಿಮಾದ ಯಮಾಕಿ ಕುಟುಂಬದ ಅಂಗಳದಲ್ಲಿದ್ದು, 1945ರ ಬಾಂಬಿಗೂ ಸಾಯದೆ ಉಳಿಯಿತು. 1976ರಲ್ಲಿ ಅದನ್ನು ಆ ಕುಟುಂಬ ಅಮೆರಿಕಕ್ಕೇ ಕೊಟ್ಟಿತು. ಅದು ಬಾಂಬಿಗೆ ಸಿಕ್ಕು ಬದುಕಿದ ಮರವೆಂಬ ಸಂಗತಿ ಉದ್ಯಾನದವರಿಗೆ ತಿಳಿದದ್ದು 2001ರಲ್ಲಿ, ಆ ಕುಟುಂಬದ ಮೊಮ್ಮಕ್ಕಳು ನೋಡಲು ಬಂದಾಗ. ಮೂರು ಬೆರಳು ಮಣ್ಣಿನಲ್ಲಿ ಒಂದು ಜೀವವನ್ನು ತಲೆಮಾರುಗಳು ಹೀಗೆ ಕೈಯಿಂದ ಕೈಗೆ ದಾಟಿಸಬಲ್ಲವು ಎನ್ನುವುದು ನನಗೆ ಇಂದಿಗೂ ಬೆರಗು. ಆದರೆ ಪೈನಿನ ಪಾಠಗಳು ನಮ್ಮ ಬಿಸಿಲಿಗೆ ಹೊಂದುವುದಿಲ್ಲ. ನಮಗೆ ಹತ್ತಿರದ್ದು ದಕ್ಷಿಣ ಚೀನಾದ ಲಿಂಗ್ನಾನ್ ಪದ್ಧತಿ: ಕಡಿ, ಬೆಳೆಯಲು ಬಿಡು, ದಪ್ಪವಾದ ಮೇಲೆ ಮತ್ತೆ ಕಡಿ. ಬೇಗ ಚಿಗುರುವ ಬಿಸಿನಾಡಿನ ಮರಗಳಿಗೆ ಹೇಳಿ ಮಾಡಿಸಿದ ದಾರಿ.

ಗಿಡ ಎಲ್ಲಿಂದ ತರುವುದು? ಕಾವಲಿನಿಂದ, ಗುಡ್ಡದಿಂದ ಕಿತ್ತು ತರಬಾರದು. ಅರಣ್ಯ ಭೂಮಿಯಿಂದ ಗಿಡ ಕೀಳುವುದು ಅಪರಾಧ. ಅಪರಾಧವಲ್ಲದ ಕಡೆಯಲ್ಲೂ, ಕಲ್ಲಿನ ನಡುವೆ ಅಷ್ಟು ವರ್ಷ ಹೆಣಗಿ ಬದುಕಿದ ಗಿಡ ಬೇರು ಹರಿದು ಕುಂಡಕ್ಕೆ ಬಂದರೆ ಉಳಿಯುವುದು ಅಪರೂಪ. ಅವು ನೋಡಿ ಕಲಿಯಲಿಕ್ಕೆ ಇರುವಂಥವು, ಅಲ್ಲೇ ಇರಲಿ. ಹಳೆಯ ಕಲ್ಲುಬಾವಿಯ ಸಂದಿ, ಎಣ್ಣೆ ಮಿಲ್ಲಿನ ಗೋಡೆ, ಮನೆಯ ತಾರಸಿಯ ಬಿರುಕು, ಇಲ್ಲೆಲ್ಲ ಹಕ್ಕಿ ಉದುರಿಸಿದ ಬೀಜದಿಂದ ಆಲ, ಅರಳಿ, ಬಸರಿ ಮೊಳೆತಿರುತ್ತವೆ. ಗೋಡೆ ಹಾಳಾಗುತ್ತದೆಂದು ಯಾರಾದರೂ ಹೇಗೂ ಕೀಳುವ ಸಸಿಗಳವು. ಯಜಮಾನರನ್ನು ಕೇಳಿ, ಗೋಡೆ ನೆನೆಸಿ, ಬೇರು ಸಮೇತ ಬಿಡಿಸಿಕೊಳ್ಳಿ.

ಹೊಸಬರಿಗೆ ನಾನು ಹೇಳುವುದು ಮಾತ್ರ ಹುಣಸೆ. ರಸ್ತೆಯ ಎರಡು ಬದಿಗೂ ಇರುವ ಮರ, ಬೀಜ ಮನೆಯಲ್ಲೇ ಇದೆ. ಎಲೆ ಹುಟ್ಟಾ ಸಣ್ಣದು, ತೊಗಟೆ ಬೇಗ ಬಿರುಕು ಬಿಟ್ಟು ವಯಸ್ಸಾದಂತೆ ತೋರುತ್ತದೆ, ಬೋಳು ಮಾಡಿ ಕಡಿದರೂ ಹಳೆಯ ಕಟ್ಟಿಗೆಯಿಂದ ಚಿಗುರುತ್ತದೆ. ಬೀಜವನ್ನು ಒಂದು ರಾತ್ರಿ ನೆನೆಸಿ ಊರಿ. ಮೊದಲ ಸಲ ಕಿತ್ತು ನೆಡುವಾಗ ನೆಟ್ಟಗಿಳಿದ ತಾಯಿಬೇರನ್ನು ಮೊಟಕು ಮಾಡಿ, ಪಕ್ಕದ ಬೇರುಗಳನ್ನು ಸುತ್ತಲೂ ಹರಡಿ ಕೂರಿಸಿ. ಮುಂದೆ ಬುಡಕ್ಕೆ ನೆಲ ಹಿಡಿದು ನಿಂತ ಗತ್ತು ಬರುವುದು ಈ ಬೇರುಗಳಿಂದ. ಸಂಜೆ ಎಲೆ ಮಡಚಿಕೊಂಡರೆ ಬಾಡಿತೆಂದು ಹೆದರಿ ನೀರು ಸುರಿಯಬೇಡಿ, ಅದು ಹುಣಸೆಯ ನಿದ್ದೆ.

ಈಗ ಕತ್ತರಿಗೆ ಬರೋಣ. ಪೆನ್ಸಿಲ್ ಗಾತ್ರದ, ಮೊಳದುದ್ದದ ಸಸಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿಟ್ಟು ನಿಧಾನ ತಿರುಗಿಸಿ. ಬೇರು ಅಗಲವಾಗಿ ಕಾಣುವ, ಬೊಡ್ಡೆಯ ತಿರುವು ತೋರುವ ಒಂದು ಬದಿ ಇರುತ್ತದೆ. ಅದೇ ಮುಂಭಾಗ, ಸೀಮೆಸುಣ್ಣದಲ್ಲಿ ಕುಂಡಕ್ಕೆ ಗುರುತು ಹಾಕಿ. ಬೊಡ್ಡೆಯ ಮೇಲೆ ಬೆರಳಾಡಿಸಿದರೆ ಎಲೆ ಉದುರಿದ ಜಾಗದಲ್ಲಿ ಚಿಕ್ಕ ಉಬ್ಬು ಸಿಗುತ್ತದೆ. ಮುಂದಿನ ಕುಡಿ ಹೊರಡುವುದು ಅಲ್ಲಿಂದ, ಆ ಮೊಗ್ಗು ಮುಖ ಮಾಡಿದ ದಿಕ್ಕಿಗೆ. ಮರ ಎಡಕ್ಕೆ ಹೊರಳಬೇಕಿದ್ದರೆ ಎಡಗಡೆಯ ಮೊಗ್ಗಿನ ಸ್ವಲ್ಪ ಮೇಲೆ ಓರೆಯಾಗಿ ಕಡಿಯಿರಿ. ತೀರಾ ಹತ್ತಿರ ಕಡಿದರೆ ಮೊಗ್ಗು ಒಣಗುತ್ತದೆ, ದೂರ ಬಿಟ್ಟರೆ ಮೋಟು ಉಳಿಯುತ್ತದೆ. ಗಾಯ ದೊಡ್ಡದಿದ್ದರೆ ದಾಳಿಂಬೆ ತೋಟದ ಬೋರ್ಡೋ ಮುಲಾಮನ್ನೇ ಹಚ್ಚಬಹುದು. ಆಲ, ಅರಳಿಯಾದರೆ ಹಾಲು ಸುರಿಯುತ್ತದೆ, ಒದ್ದೆ ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ.

ಇಲ್ಲಿಗೆ ಕತ್ತರಿ ಒಳಗಿಡಬೇಕು. ಹೊಸಬರಿಗೆ ಅತಿ ಕಷ್ಟದ ಕೆಲಸ ಇದೇ. ಅಂದವಾಗಲೆಂದು ವಾರಕ್ಕೊಮ್ಮೆ ಚಿವುಟುತ್ತ ಕೂತರೆ ಗಿಡ ಪೊದೆಯಾಗುತ್ತದೆಯೇ ಹೊರತು ಬೊಡ್ಡೆ ದಪ್ಪವಾಗುವುದಿಲ್ಲ. ಬೊಡ್ಡೆಗೆ ಗಾತ್ರ ಕೊಡುವುದು ಎಲೆ. ಹಾಗಾಗಿ ಮೊದಲ ಕೆಲವು ವರ್ಷ ದೊಡ್ಡ ಕುಂಡದಲ್ಲೋ ನೆಲದಲ್ಲೋ ಇಟ್ಟು, ಬುಡದ ಹತ್ತಿರದ ಒಂದು ರೆಂಬೆಯನ್ನು ಮನಸಾರೆ ಉದ್ದ ಹೋಗಲು ಬಿಡಬೇಕು. ಅದರ ಕೆಳಗಿನ ಬೊಡ್ಡೆ ಊದಿಕೊಂಡ ಮೇಲೆ ಆ ರೆಂಬೆಯನ್ನೇ ತೆಗೆಯುವುದು. ಒಂದು ಸಲಕ್ಕೆ ಹಸಿರಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಡಿಯದಿರುವುದು ಕಲಿಯುವವರಿಗೆ ಕ್ಷೇಮ. ಕೆಳಗಿನ ಮೊದಲ ರೆಂಬೆ ಒಟ್ಟು ಎತ್ತರದ ಮೂರನೇ ಒಂದರಲ್ಲಿ, ಮುಂದಿನದು ಎದುರು ಬದಿಗೆ, ಆಮೇಲೊಂದು ಹಿಂದಕ್ಕೆ ಎನ್ನುವ ಲೆಕ್ಕವಿದೆ. ಕಾವಲಿನ ಗಿಡಗಳು ಈ ಲೆಕ್ಕ ಪಾಲಿಸುವುದಿಲ್ಲ, ಆದರೂ ಚೆಂದ. ನೀವೂ ಅದಕ್ಕೆ ಕಟ್ಟುಬೀಳಬೇಕಿಲ್ಲ.

ಬಾಗಿಸಲು ಅಲ್ಯೂಮಿನಿಯಂ ತಂತಿ. ಹುಣಸೆಯ ಕಟ್ಟಿಗೆ ಬಲಿತರೆ ಬಾಗದು, ಮುರಿಯುತ್ತದೆ. ಎಳೆಯ ಕೊಂಬೆ ಕಂದು ಬಣ್ಣಕ್ಕೆ ತಿರುಗುವ ಹೊತ್ತಿಗೇ ಓರೆಯಾಗಿ ಸುತ್ತಿ, ಎರಡೂ ಹೆಬ್ಬೆರಳು ಊರಿ ಮೆಲ್ಲಗೆ ಬಾಗಿಸಬೇಕು. ಮಳೆಗಾಲದಲ್ಲಿ ಗಿಡ ಬೇಗ ದಪ್ಪವಾಗಿ ತಂತಿ ತೊಗಟೆಗೆ ಕಚ್ಚುತ್ತದೆ, ವಾರ ವಾರವೂ ನೋಡುತ್ತಿರಿ. ತೆಗೆಯುವಾಗ ಬಿಚ್ಚಲು ಹೋಗದೆ ತುಂಡು ತುಂಡಾಗಿ ಕತ್ತರಿಸಿ.

ಈ ಸೀಮೆಯಲ್ಲಿ ಬೋನ್ಸಾಯ್ ಸಾಯುವುದು ಕತ್ತರಿಯಿಂದಲ್ಲ, ಗಾಳಿಯಿಂದ. ಚಳ್ಳಕೆರೆ, ಮೊಳಕಾಲ್ಮುರು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನವು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಆಷಾಢದ ಗಾಳಿ, ಆಳವಿಲ್ಲದ ಕುಂಡದ ತೇವವನ್ನು ಮಧ್ಯಾಹ್ನದೊಳಗೆ ಹೀರಿಬಿಡುತ್ತದೆ. ಪೂರ್ವದ ಗೋಡೆಯ ಮರೆಯಲ್ಲಿಡಿ, ಬೇಸಿಗೆಯಲ್ಲಿ ಎರಡು ಹೊತ್ತು ನೀರು ಕೊಡಿ. ಬೋರ್‌ವೆಲ್ಲಿನ ಗಡಸು ನೀರು ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ, ಮಳೆನೀರು ಹಿಡಿದಿಟ್ಟಿದ್ದರೆ ಅದು ಮೊದಲು ಇವಕ್ಕೆ ಸಲ್ಲಲಿ. ಕೆಮ್ಮಣ್ಣಿಗೆ ದಪ್ಪ ಮರಳು, ಜರಡಿ ಹಿಡಿದ ಇಟ್ಟಿಗೆ ಚೂರು, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ನೀರು ನಿಲ್ಲದ ಮಣ್ಣು ಸಿದ್ಧ. ಜಪಾನಿನವರು ಬೋನ್ಸಾಯ್‌ಗೆ ಸಾಂಪ್ರದಾಯಿಕವಾಗಿ ಹಾಕುವ ಗೊಬ್ಬರ ಸಾಸಿವೆ ಜಾತಿಯ ಎಣ್ಣೆಕಾಳಿನ ಹಿಂಡಿ. ಎಣ್ಣೆ ಮಿಲ್ಲುಗಳ ಚಳ್ಳಕೆರೆಯಲ್ಲಿ ಹಿಂಡಿಗೆ ಬರವೇ? ಹಿಡಿಯಷ್ಟು ಶೇಂಗಾ ಹಿಂಡಿಯನ್ನು ನಾಲ್ಕಾರು ದಿನ ನೀರಲ್ಲಿ ಕೊಳೆಸಿ, ತಿಳಿಯನ್ನು ಚೆನ್ನಾಗಿ ತೆಳ್ಳಗೆ ಮಾಡಿ ಹಾಕಿದರೆ ಸಾಕು.

ಗಿಡವನ್ನು ಹಿಂಸಿಸುವ ಕಲೆ ಇದು ಎನ್ನುವವರಿದ್ದಾರೆ. ಮನೆಯಲ್ಲಿ ಕುಬ್ಜ ಮರ ಇಟ್ಟರೆ ಏಳಿಗೆ ಕುಗ್ಗುತ್ತದೆ ಎನ್ನುವವರೂ ಇದ್ದಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ಬಯಲಿನ ಗಿಡ ಕುಳ್ಳಾದದ್ದು ನೀರಿಲ್ಲದೆ, ಮೇವಿಗೆ ಬಲಿಯಾಗಿ. ಕುಂಡದ ಗಿಡಕ್ಕೆ ದಿನವೂ ನೀರುಂಟು, ಹೊತ್ತಿಗೆ ಗೊಬ್ಬರವುಂಟು, ಎರಡು ಮೂರು ವರ್ಷಕ್ಕೊಮ್ಮೆ ಬೇರು ಸವರಿ ಹೊಸ ಮಣ್ಣುಂಟು. ಹಸಿವಿನಲ್ಲಿಟ್ಟ ಗಿಡ ಬೋನ್ಸಾಯ್ ಆಗುವುದಿಲ್ಲ, ಸಾಯುತ್ತದೆ.

ಪಳಗಿದ ಮರಗಳನ್ನು ಕಣ್ಣಾರೆ ನೋಡಬೇಕೆಂದರೆ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಬೋನ್ಸಾಯ್ ಉದ್ಯಾನವಿದೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ಇನ್ನೂ ದೊಡ್ಡದು. ಹೋದಾಗ ಕುಂಡದ ಅಂದಕ್ಕೆ ಮರುಳಾಗದೆ ಬೊಡ್ಡೆಯ ಮೇಲಿನ ಹಳೆಯ ಗಾಯದ ಗುರುತುಗಳನ್ನು ಹುಡುಕಿ. ಎಲ್ಲಿ ಕಡಿದರು, ಮುಂದಿನ ಕಾಂಡ ಯಾವ ಬದಿಯ ಮೊಗ್ಗಿನಿಂದ ಬಂತು, ಯಾವ ರೆಂಬೆಯನ್ನು ಬೆಳೆಸಿ ತೆಗೆದರು ಎಂಬುದನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ಹೋಗಿ, ಚೀಟಿಯಲ್ಲಿ ಗೆರೆ ಎಳೆದುಕೊಂಡು ಬನ್ನಿ. ನಿಮ್ಮ ಹುಣಸೆ ಸಸಿಗೆ ಮುಂದಿನ ಕತ್ತರಿ ಎಲ್ಲಿ ಬೀಳಬೇಕೆಂದು ಆ ಗೆರೆ ಹೇಳುತ್ತದೆ.